ಕೊರಳಲ್ಲೊಂದು ಸೀಟಿ

ನಮ್ಮ ಮನೆಯಲ್ಲಿ ಎರಡು ಸೀಟಿಗಳಿವೆ. ಒಂದು ಕುಕ್ಕರಿನದು, ಇನ್ನೊಂದು ನನ್ನದು! ನಗಬೇಡಿ, ನಿಜವಾಗಿಯೂ ಹೇಳುತ್ತಿದ್ದೇನೆ. ಅಡಿಗೆಮನೆಯ ಬಾಗಿಲ ಪಕ್ಕದ ಗೂಟಕ್ಕೆ ಕೆಂಪು ದಾರ ಕಟ್ಟಿದ ಕರೀ ಸೀಟಿಯೊಂದು ತೂಗುಬಿದ್ದಿರುತ್ತದೆ. ಮನೆಗೆ ಬಂದ ಹೊಸಬರು ಅದನ್ನು ನೋಡಿ, "ಯಾರದ್ರೀ ಇದು? ನಿಮ್ಮ ಯಜಮಾನರು ಪೊಲೀಸ್ ಖಾತೇದಾಗ ಅದಾರೇನು?" ಎಂದು ಕೇಳುತ್ತಾರೆ. "ಅಲ್ರೀ, ನಂದು. ನಾ ಖೋ-ಖೋ ಆಟದ ಅಂಪೈರ್ ಅದೀನಿ" ಎಂದರೆ ಅವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಒಮ್ಮೆ ನನ್ನ ಸೀರೆ ನೋಡುತ್ತಾರೆ. ಆಮೇಲೆ ಮೆಲ್ಲಗೆ, "ಪಗಾರ ಎಷ್ಟು ಕೊಡ್ತಾರ್ರೀ?" ಎನ್ನುತ್ತಾರೆ.

ಪಗಾರ ಇಲ್ಲ, ಸೋದರಿಯರೇ. ಬಸ್ಸಿನ ಖರ್ಚು ಕೊಟ್ಟರೆ ಕೊಟ್ಟರು. ಮಧ್ಯಾಹ್ನ ಮಕ್ಕಳ ಜೊತೆ ಪಲಾವು, ನಡುವೆ ಎರಡು ಸಲ ಚಹಾ. ಅಷ್ಟಕ್ಕಾಗಿ ಬಿಸಿಲಲ್ಲಿ ನಿಂತು ಊರವರ ಬೈಗುಳ ತಿನ್ನುವ ಈ ಉಸಾಬರಿ ಯಾಕೆ ಅನ್ನುತ್ತೀರಾ? ಅದನ್ನೇ ಹೇಳಬೇಕೆಂದು ಇವತ್ತು ಕೂತಿದ್ದೇನೆ. ಆದರೆ ನನ್ನ ಹೆಚ್ಚುಗಾರಿಕೆ ಹೇಳಿಕೊಳ್ಳಲು ಅಲ್ಲ. ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ನಿಮ್ಮ ಮುಂದೆ ಇಡಬೇಕಾಗಿದೆ.

ನನ್ನ ತವರು ಕುಂದಗೋಳ ತಾಲ್ಲೂಕಿನ ಒಂದು ಹಳ್ಳಿ. ಹೈಸ್ಕೂಲಿನಲ್ಲಿ ನಾನು ಖೋ-ಖೋ ತಂಡದಲ್ಲಿದ್ದೆ. ಕರೀ ಮಣ್ಣಿನ ಅಂಗಳ, ಎರಡು ಕಡೆ ಎರಡು ಕಟ್ಟಿಗೆ ಕಂಬ, ಸುಣ್ಣದ ಗೆರೆ, ಅಷ್ಟಿದ್ದರೆ ಆಟ ಸುರು. ಚೆಂಡು ಬೇಡ, ಬ್ಯಾಟು ಬೇಡ, ಕಾಲಿಗೆ ಬೂಟು ಸಹ ಬೇಡ. ಬಡವರ ಮಕ್ಕಳ ಆಟ ಅದು. ಓಡುವಾಗ ಎರಡು ಜಡೆ ಬೆನ್ನಿಗೆ ಬಡಿಯುತ್ತಿದ್ದ ಸುಖ ನನಗೆ ಇನ್ನೂ ನೆನಪಿದೆ. ಎಸ್ಸೆಸ್ಸೆಲ್ಸಿ ಮುಗಿಯಿತು, ಆಟವೂ ಮುಗಿಯಿತು. ಮುಂದೆ ಮದುವೆಯಾಗಿ ಧಾರವಾಡಕ್ಕೆ ಬಂದೆ. ನಮ್ಮವರದು ಮಾರ್ಕೆಟ್ಟಿನಲ್ಲಿ ಪಾಟಿ-ಪುಸ್ತಕದ ಸಣ್ಣ ಅಂಗಡಿ. ಅತ್ತೆ, ಮಾವ, ಒಬ್ಬಳು ನಾದಿನಿ, ಆಮೇಲೆ ಎರಡು ಮಕ್ಕಳು. ರೊಟ್ಟಿ ಬಡಿಯುವುದು, ಪುಂಡಿಪಲ್ಯ ಸೋಸುವುದು, ಹಬ್ಬ ಬಂದರೆ ಹೋಳಿಗೆ. ನಿಮ್ಮೆಲ್ಲರ ಮನೆಯ ಕಥೆಯೇ ನನ್ನದೂ ಎನ್ನಿ.

2017ರಲ್ಲಿ ನನ್ನ ಮಗಳು ಏಳನೇ ಇಯತ್ತೆ. ಒಂದು ದಿನ ಅವರ ಶಾಲೆಯ ಅಂಗಳದಲ್ಲಿ ಪಂದ್ಯಗಳು ನಡೆದಿದ್ದವು. ಮಗಳು ಡಬ್ಬಿ ಮರೆತು ಹೋಗಿದ್ದಳೆಂದು ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಂಡು ಹೋದೆ. ವೇಳೆ ನೋಡುವವರು ಯಾರೋ ಬಂದಿರಲಿಲ್ಲವಂತೆ. ಪಿ.ಟಿ. ಟೀಚರಬಾಯಿ ನನ್ನನ್ನು ಕಂಡವರೇ, "ಅಕ್ಕಾರ, ಒಂದು ಉಪಕಾರ ಮಾಡ್ರಿ. ಈ ಗಡಿಯಾರ ಹಿಡೀರಿ. ಏಳು ನಿಮಿಷ ಆದ ಕೂಡಲೆ ನನಗ ಹೇಳ್ರಿ, ಅಷ್ಟ" ಎಂದು ಸ್ಟಾಪ್‌ವಾಚನ್ನು ಕೈಯಲ್ಲಿ ತುರುಕಿದರು. ಡಬ್ಬಿ ಕಂಕುಳಲ್ಲಿ, ಗಡಿಯಾರ ಕೈಯಲ್ಲಿ. ಮಧ್ಯಾಹ್ನ ಮೂರು ಗಂಟೆಯತನಕ ಅಲ್ಲೇ ನಿಂತೆ. ಮನೆಗೆ ಬಂದಾಗ ಅತ್ತೆಯವರು, "ಉಪ್ಪಿಟ್ಟು ಕೊಡಾಕ ಹುಬ್ಬಳ್ಳಿಗೆ ಹೋಗಿದ್ಯೇನವಾ?" ಎಂದರು.

ಹೀಗೆ ಗಡಿಯಾರದಿಂದ ಸುರುವಾದದ್ದು ಮರುವರ್ಷ ಅಂಕ ಬರೆಯುವತನಕ ಬಂತು. ಅಂಕ ಬರೆಯುವಾಗ ನನಗೆ ತಿಳಿದದ್ದೇನೆಂದರೆ, ನಾನು ನಾಲ್ಕು ವರ್ಷ ಆಡಿದ ಆಟದ ಅರ್ಧ ನಿಯಮ ನನಗೇ ಗೊತ್ತಿರಲಿಲ್ಲ! ಟೀಚರಬಾಯಿಯವರ ಹತ್ತಿರ ನಿಯಮದ ಪುಸ್ತಕ ಕೇಳಿ ತಂದೆ. ಇಂಗ್ಲೀಷಿನಲ್ಲಿತ್ತು. ಮಗಳು ಓದಿ ಹೇಳಿದಳು, ನಾನು ಕನ್ನಡದಲ್ಲಿ ಬರೆದುಕೊಂಡೆ. ಕಿರಾಣಿ ಲೆಕ್ಕದ ಪಟ್ಟಿಯ ಹಿಂದಿನ ಹಾಳೆಗಳಲ್ಲಿ ಇವತ್ತಿಗೂ ಆ ಬರಹ ಇದೆ.

ನಿಮ್ಮಲ್ಲಿ ಎಷ್ಟೋ ಜನ ಶಾಲೆಯಲ್ಲಿ ಖೋ-ಖೋ ಆಡಿದವರೇ ಇರುತ್ತೀರಿ. ಆದರೂ ಒಮ್ಮೆ ನೆನಪು ಮಾಡಿಕೊಡುತ್ತೇನೆ. ನಾನು ಹೇಳಬೇಕಾದ ಸಂಗತಿ ಈ ನಿಯಮದಲ್ಲಿಯೇ ಅಡಗಿದೆ.

ಅಂಗಳದ ನಡುವೆ ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸುಮಾರು ಒಂದಡಿ ಅಗಲದ, ಅಂದರೆ 30 ಸೆಂಟಿಮೀಟರಿನ, ಒಂದು ಪಟ್ಟಿ. ಅದರ ಮೇಲೆ ಎಂಟು ಮನೆ. ಬೆನ್ನಟ್ಟುವ ತಂಡದ ಎಂಟು ಜನ ಅಲ್ಲಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುವವಳು. ಓಡುವ ತಂಡದವರು ಮೂರು ಮೂರು ಜನರಾಗಿ ಒಳಗೆ ಬರುತ್ತಾರೆ. ಓಡುವವಳು ನಡುಪಟ್ಟಿಯನ್ನು ಹೇಗೆ ಬೇಕಾದರೂ ದಾಟಬಹುದು. ಬೆನ್ನಟ್ಟುವವಳು ಮಾತ್ರ ದಾಟುವಂತಿಲ್ಲ! ಒಂದು ಸಲ ಯಾವ ದಿಕ್ಕಿಗೆ ಹೊರಟಳೋ ಆ ದಿಕ್ಕಿಗೇ ಹೋಗಬೇಕು, ಕಂಬ ಮುಟ್ಟುವವರೆಗೆ ಹಿಂದಿರುಗುವಂತಿಲ್ಲ. ಓಡುವವಳು ಆ ಕಡೆ ಹೋದಳೆಂದರೆ, ಕೂತವಳ ಬೆನ್ನ ಹಿಂದೆ ಬಂದು, ಮುಟ್ಟಿ, ಕೇಳಿಸುವ ಹಾಗೆ "ಖೋ" ಅನ್ನಬೇಕು. ಆಗ ಕೂತವಳು ಎದ್ದು ಓಡುತ್ತಾಳೆ, ಇವಳು ಅವಳ ಜಾಗದಲ್ಲಿ ಕೂರುತ್ತಾಳೆ. ಖೋ ಬರುವ ಮೊದಲೇ ಎದ್ದರೆ ತಪ್ಪು. ಪಟ್ಟಿಯ ಆಚೆ ಕಾಲು ಬಿದ್ದರೆ ತಪ್ಪು. ತಪ್ಪು ಮಾಡುತ್ತ ಓಡುವವಳನ್ನು ಮುಟ್ಟಿದರೆ, ಓಡುವವಳು ಔಟಲ್ಲ. ಚಿಕ್ಕ ಮಕ್ಕಳಿಗೆ ಪಾಳಿಯೊಂದಕ್ಕೆ 7 ನಿಮಿಷ, ದೊಡ್ಡವರಿಗೆ 9.

ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ, ಪುಣೆಯ ಡೆಕ್ಕನ್ ಜಿಮಖಾನಾದವರು 1914ರ ಸುಮಾರಿಗೆ ಈ ಆಟಕ್ಕೆ ಮೊದಲ ಸಲ ನಿಯಮ ಕಟ್ಟಿದರಂತೆ. ಅದಕ್ಕೂ ಮೊದಲು ಊರಿಗೊಂದು ರೀತಿ ಆಡುತ್ತಿದ್ದರು. ಊರಿಗೊಂದು ರೀತಿ ಇದ್ದರೆ ಊರಿಗೊಂದು ಜಗಳ ಅಲ್ಲವೇ?

ಇನ್ನು ಅಂಪೈರುಗಳು. ಅಂಗಳಕ್ಕೆ ಇಬ್ಬರು. ನಡುಪಟ್ಟಿಯ ಈ ಕಡೆ ಒಬ್ಬರು, ಆ ಕಡೆ ಒಬ್ಬರು. ತಮ್ಮ ತಮ್ಮ ಅರ್ಧ ಅಂಗಳದಲ್ಲಿ ನಡೆದದ್ದಕ್ಕೆ ಅವರವರೇ ತೀರ್ಪು ಕೊಡಬೇಕು, ಇನ್ನೊಂದು ಅರ್ಧಕ್ಕೆ ಸಹಾಯ ಮಾಡಬೇಕು. ಇಬ್ಬರಿಗೂ ಭಿನ್ನಾಭಿಪ್ರಾಯ ಬಂದರೆ ಮೇಲೆ ರೆಫರಿ ಒಬ್ಬರಿರುತ್ತಾರೆ. ವೇಳೆ ನೋಡುವವರು ಬೇರೆ, ಅಂಕ ಬರೆಯುವವರು ಬೇರೆ. ಔಟಾದರೆ ಒಂದು ಸಣ್ಣ ಸೀಟಿ. ತಪ್ಪಾದರೆ ಅದು ಸರಿಹೋಗುವತನಕ ಮೇಲಿಂದ ಮೇಲೆ ಸೀಟಿ.

2019ರಲ್ಲಿ ರಾಜ್ಯ ಖೋ-ಖೋ ಸಂಸ್ಥೆಯ ಅಂಪೈರ್ ಪರೀಕ್ಷೆಗೆ ಕೂರಿರೆಂದು ಟೀಚರಬಾಯಿಯವರೇ ಹುರುಪು ಕೊಟ್ಟರು. ಎಸ್ಸೆಸ್ಸೆಲ್ಸಿ ಬರೆದ ಮೇಲೆ ಮೊದಲ ಪರೀಕ್ಷೆ! ಬರೆಯುವುದೂ ಇತ್ತು, ಬಾಯಿಮಾತಿನ ಪ್ರಶ್ನೆಗಳೂ ಇದ್ದವು, ಅಂಗಳಕ್ಕಿಳಿದು ಸೀಟಿ ಊದುವುದೂ ಇತ್ತು. ನಮ್ಮವರು, "ನಪಾಸಾದ್ರ ಯಾರೂ ಬೈಯಂಗಿಲ್ಲ, ಹೋಗಿ ಬಾ" ಎಂದರು. ಅತ್ತೆಯವರು ಮಾತ್ರ, "ಹೆಣ್ಣಮಕ್ಕಳು ಸೀಟಿ ಊದಿದ್ರ ಮನಿಗೆ ಒಳ್ಳೇದಲ್ಲವಾ" ಎಂದು ಮೂರು ದಿನ ಮುಖ ತಿರುವಿದರು. ಪಾಸಾಗಿ ಬಂದ ದಿನ ಲೈನ್ ಬಜಾರಿನಿಂದ ಕಾಲು ಕಿಲೋ ಪೇಡೆ ತಂದು ಮೊದಲು ಅವರ ಕೈಗೇ ಕೊಟ್ಟೆ. ತಿಂದರು. "ಪೇಡೆ ಚಲೋ ಅದ" ಎಂದರು. ಪರೀಕ್ಷೆಯ ಮಾತೆತ್ತಲಿಲ್ಲ.

ಮುಂದೆ ಕೊರೋನಾ ಬಂದು ಅಂಗಳಗಳೆಲ್ಲ ಖಾಲಿ ಬಿದ್ದವು. 2022ರಲ್ಲಿ ಮತ್ತೆ ಆಟ ಸುರುವಾದವು. ಆ ವರ್ಷ ಆಗಸ್ಟಿನಲ್ಲಿ ಪುಣೆಯಲ್ಲಿ ಅಲ್ಟಿಮೇಟ್ ಖೋ-ಖೋ ಎಂಬ ದೊಡ್ಡ ಲೀಗ್ ಸುರುವಾಗಿ ಟೀವಿಯಲ್ಲಿ ಬರತೊಡಗಿತು. ಅಲ್ಲಿ ಒಂದು ತಂಡಕ್ಕೆ ಏಳೇ ಜನ. ವಜೀರ್ ಎಂಬ ಒಬ್ಬ ಆಟಗಾರ ಯಾವ ದಿಕ್ಕಿಗೆ ಬೇಕಾದರೂ ಓಡಬಹುದು. ಮಣ್ಣಿನ ಆಟ ಮ್ಯಾಟಿನ ಮೇಲೆ ಬಣ್ಣಬಣ್ಣದ ದೀಪದಲ್ಲಿ ಕಂಡು ನನಗೆ ಎಲ್ಲಿಲ್ಲದ ಹಿಗ್ಗು.

ಆ ಹಿಗ್ಗಿನಲ್ಲಿಯೇ ಇದ್ದೆನೋ ಏನೋ. ಸೆಪ್ಟೆಂಬರಿನಲ್ಲಿ ನನ್ನಿಂದ ಆ ತಪ್ಪು ನಡೆದುಹೋಯಿತು.

ಹುಡುಗಿಯರ ಪಂದ್ಯ. ಒಂದು ತಂಡ ಪೇಟೆಯ ಶಾಲೆಯದು. ಇನ್ನೊಂದು ಕಲಘಟಗಿ ಕಡೆಯ ಹಳ್ಳಿಯದು, ಕಾಡಂಚಿನ ಊರು. ಕೊನೆಯ ಪಾಳಿ, ಎರಡೂ ತಂಡಕ್ಕೆ 14-14 ಅಂಕ. ಪೇಟೆಯ ಹುಡುಗಿಯರು ಬೆನ್ನಟ್ಟುತ್ತಿದ್ದರು. ಇಪ್ಪತ್ತು ಸೆಕೆಂಡ್ ಉಳಿದಿರಬೇಕು. ನನ್ನ ಅರ್ಧ ಅಂಗಳದಲ್ಲಿ ಬೆನ್ನಟ್ಟುವವಳು ಮೈಚೆಲ್ಲಿ ಕೈ ಚಾಚಿದಳು. ಹಳ್ಳಿಯ ಹುಡುಗಿಯ ಬೆನ್ನಿಗೆ ಬೆರಳು ತಾಗಿತು. ನಾನು ಸೀಟಿ ಊದಿ ಔಟ್ ಕೊಟ್ಟೆ.

ಆ ಹುಡುಗಿ ನನ್ನ ಹತ್ತಿರ ಓಡಿಬಂದು, ಏದುಸಿರು ಬಿಡುತ್ತ, "ಬಾಯಾರ, ಆಕಿ ಕಾಲು ಪಟ್ಟಿ ದಾಟಿತ್ತರೀ" ಎಂದಳು. ನಾನು ಏನೆಂದೆ ಗೊತ್ತೇ? "ಸುಮ್ನ ಹೋಗು" ಎಂದೆ.

ಆ ಕಡೆಯ ಅಂಪೈರು ವಯಸ್ಸಾದ ನಿವೃತ್ತ ಮಾಸ್ತರು. ಅವರೂ ಮೆಲ್ಲಗೆ ಬಂದು, ಯಾರಿಗೂ ಕೇಳದ ಹಾಗೆ, "ಕಾಲು ನೋಡಿದ್ರೇನ್ರಿ ಅಕ್ಕಾರ?" ಎಂದು ಕೇಳಿದರು. ಅವರ ಕಡೆಯಿಂದ ಕೂತ ಹುಡುಗಿಯರು ಅಡ್ಡ ಬಂದು ಕಂಡಿರಲಿಲ್ಲವಂತೆ. ನಾನು, "ನೋಡೀನ್ರಿ, ದಾಟಿಲ್ಲ" ಎಂದೆ.

ಸುಳ್ಳು. ನಾನು ನೋಡಿದ್ದು ಕೈಯನ್ನು. ಕಾಲು ನೋಡಿರಲೇ ಇಲ್ಲ.

ಪೇಟೆಯ ತಂಡ ಗೆದ್ದಿತು. ಎಲ್ಲರೂ ಚಹಾಕ್ಕೆ ಹೋದ ಮೇಲೆ ನಾನೊಬ್ಬಳೇ ಆ ಜಾಗಕ್ಕೆ ಹೋಗಿ ಬಗ್ಗಿ ನೋಡಿದೆ. ಸುಣ್ಣದ ಗೆರೆಯ ಮೇಲೆ ಜಾರಿದ ಪಾದ, ಗೆರೆಯ ಆಚೆ ಐದು ಬೆರಳು ಸ್ಪಷ್ಟವಾಗಿ ಮೂಡಿದ್ದವು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಪ್ಪಾಗಿ ಕಂಡದ್ದಕ್ಕಲ್ಲ. ತಪ್ಪು ಯಾವ ಅಂಪೈರಿಗೂ ಆಗುತ್ತದೆ, ಕಣ್ಣು ಎರಡೇ. ಯಾಕೆ ಸುಳ್ಳು ಹೇಳಿದೆ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಯೋಚಿಸಿದಷ್ಟೂ ನನ್ನ ಮನೆಯೇ ಕಣ್ಣ ಮುಂದೆ ಬಂತು. ಮನೆಯಲ್ಲಿ ನಾವು ಹೆಂಗಸರು ಮಾಡುವುದೇನು ಹೇಳಿ? ಅತ್ತೆ ಒಂದು ಹೇಳಿದರೆ ಹೌದು, ಮಗಳು ಇನ್ನೊಂದು ಹೇಳಿದರೆ ಹೌದು. ಸಾರಿಗೆ ಉಪ್ಪು ಹಾಕಿದ್ದು ನೆನಪಿಲ್ಲದಿದ್ದರೂ, "ಹಾಕೀನ್ರಿ" ಅನ್ನುತ್ತೇವೆ. ಗೊತ್ತಿಲ್ಲ ಎಂದರೆ ಮಾತು ಬೆಳೆಯುತ್ತದೆ, ಗೊತ್ತು ಎಂದರೆ ಮಾತು ಮುಗಿಯುತ್ತದೆ. ಇಪ್ಪತ್ತು ವರ್ಷ ಹಾಗೆ ಸಂಭಾಳಿಸಿಕೊಂಡು ಬಂದವಳು ನಾನು. ಅಂಗಳದಲ್ಲಿಯೂ ಅದನ್ನೇ ಮಾಡಿದೆ. ನನ್ನ ಸಂಭಾಳಿಸುವಿಕೆಗೆ ಬೆಲೆ ತೆತ್ತವಳು ಒಬ್ಬಳು ಹದಿಮೂರು ವರ್ಷದ ಹುಡುಗಿ.

ಟೀಚರಬಾಯಿಗೆ ಹೇಳಿದೆ. "ಫಲಿತಾಂಶ ಆಗಿ ಹೋಗೇದ, ಇನ್ನ ಬದಲಾಗಂಗಿಲ್ಲ. ಅಂಪೈರಾದವರು ಇಂಥಾದ್ದನ್ನ ಬಾಯಿ ಬಿಡಬಾರದು ಅಕ್ಕಾರ" ಎಂದರು ಅವರು. ಅವರದು ಕೆಟ್ಟ ಬುದ್ಧಿಯಲ್ಲ, ನನ್ನ ಮೇಲಿನ ಕಾಳಜಿ. ಆದರೂ ಮನಸ್ಸು ತಡೆಯಲಿಲ್ಲ. ಮೊದಲು ಆ ಮಾಸ್ತರಿಗೂ ರೆಫರಿಗೂ ನಡೆದದ್ದನ್ನು ಹೇಳಿದೆ. ಹತ್ತು ದಿನದ ಮೇಲೆ ಬಸ್ಸು ಹತ್ತಿ ಆ ಹಳ್ಳಿಯ ಶಾಲೆಗೇ ಹೋದೆ. ತಂಡದ ಹುಡುಗಿಯರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತಿದ್ದರು. "ಅವತ್ತ ನೀ ಔಟಿರಲಿಲ್ಲವಾ. ಆಕಿ ಕಾಲು ದಾಟಿತ್ತು. ನಾ ನೋಡಿರಲಿಲ್ಲ, ನೋಡೀನಿ ಅಂದೆ. ತಪ್ಪು ನಂದು" ಎಂದೆ.

ನೀವು ಏನು ಅಂದುಕೊಳ್ಳುತ್ತಿದ್ದೀರೋ ಗೊತ್ತು. ಹುಡುಗಿ ನಕ್ಕು, "ಇರಲಿ ಬಿಡ್ರಿ ಬಾಯಾರ" ಎಂದಳು ಅಂತ ತಾನೇ? ಇಲ್ಲ. ಅವಳು ನೆಲ ನೋಡುತ್ತ, "ಅವತ್ತ ಹೇಳಿದ್ರ ಇನ್ನೊಂದು ಪಾಳಿ ಆಡ್ತಿದ್ವಿ ರೀ" ಎಂದಳು. ಅಷ್ಟೇ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಈ ಸಂಗತಿಯನ್ನು ನನ್ನ ತಮ್ಮನಿಗೆ ಫೋನಿನಲ್ಲಿ ಹೇಳಿದೆ. ಅವನು ಬೆಂಗಳೂರಿನಲ್ಲಿದ್ದಾನೆ. 1876ರಲ್ಲಿ ಸುರುವಾದ ಹಳೆಯ ಗಾಲ್ಫ್ ಕ್ಲಬ್ಬೊಂದು ಅಲ್ಲಿದೆ, ಅದರ ಮುಂದೆಯೇ ಅವನು ದಿನವೂ ಓಡಾಡುತ್ತಾನೆ. ಅವನು ಹೇಳಿದ್ದು ಕೇಳಿ ನನಗೆ ಸೋಜಿಗವಾಯಿತು. ಗಾಲ್ಫಿನಲ್ಲಿಯೂ ನಮ್ಮ ಹಾಗೆ ನಿಯಮ ನೋಡುವವರಿದ್ದಾರಂತೆ, ಅವರಲ್ಲಿಯೂ ಎಷ್ಟೋ ಜನ ಪಗಾರವಿಲ್ಲದೆ ಬಂದು ನಿಲ್ಲುವವರೇ. ಆದರೆ ಮೈದಾನ ಅಷ್ಟು ದೊಡ್ಡದು, ಒಬ್ಬೊಬ್ಬರ ಹಿಂದೆ ಒಬ್ಬೊಬ್ಬರು ಹೋಗಲಿಕ್ಕಾಗದು. ಹೀಗಾಗಿ ತಪ್ಪಾದರೆ ಆಡುವವರೇ ತಾವಾಗಿ ಹೇಳಿ ದಂಡದ ಹೊಡೆತ ಲೆಕ್ಕಕ್ಕೆ ಹಾಕಿಕೊಳ್ಳಬೇಕಂತೆ. 1925ರಲ್ಲಿ ಅಮೆರಿಕಾದ ದೊಡ್ಡ ಪಂದ್ಯದಲ್ಲಿ ಬಾಬಿ ಜೋನ್ಸ್ ಎಂಬಾತ, ತನ್ನ ಚೆಂಡು ಕೂದಲೆಳೆಯಷ್ಟು ಅಲುಗಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡ ಹಾಕಿಕೊಂಡನಂತೆ. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಕೊನೆಗೆ ಆ ಪಂದ್ಯವನ್ನು ಅವನು ಸೋತ.

ನಮ್ಮ ಖೋ-ಖೋದಲ್ಲಿ ಅದು ಹೇಗೆ ಸಾಧ್ಯ? ಕಣ್ಣು ಮಿಟುಕಿಸುವಷ್ಟರಲ್ಲಿ ಕೈ, ಕಾಲು, ಖೋ, ಮೂರೂ ಆಗಿಹೋಗುತ್ತವೆ. ಅದಕ್ಕೇ ಅಂಪೈರು ಬೇಕು. ಆದರೆ ಅಂಪೈರಿನ ತಪ್ಪಿಗೆ? ಅದಕ್ಕೆ ಗಾಲ್ಫಿನವರ ಹಾಗೆ ನಾವೇ ಬಾಯಿ ಬಿಡಬೇಕು. ಅಂದಿನಿಂದ ಎರಡು ಸಂಗತಿ ರೂಢಿ ಮಾಡಿಕೊಂಡೆ. ಒಂದು, ಮೊದಲು ಕಾಲು ನೋಡುವುದು, ಆಮೇಲೆ ಕೈ. ಕೈ ತಾನಾಗಿ ಕಣ್ಣಿಗೆ ಬೀಳುತ್ತದೆ, ಕಾಲನ್ನು ನಾವು ಹುಡುಕಬೇಕು. ಎರಡನೆಯದು, ನೋಡದಿದ್ದರೆ "ನೋಡಿಲ್ಲ" ಎನ್ನುವುದು.

ಎರಡನೆಯದು ಬಾಯಿಂದ ಹೊರಡುವುದು ಎಷ್ಟು ಕಠಿಣ ಎಂಬುದು 2024ರ ಅಕ್ಟೋಬರಿನಲ್ಲಿ ಗೊತ್ತಾಯಿತು.

ಹುಬ್ಬಳ್ಳಿಯಲ್ಲಿ ಶಾಲೆಗಳ ನಡುವಿನ ಪಂದ್ಯ. ನನ್ನ ನಾದಿನಿ ಕೇಶ್ವಾಪುರದಲ್ಲಿದ್ದಾಳೆ, ಅವಳ ಮಗಳು ಒಂದು ತಂಡದಲ್ಲಿದ್ದಳು. "ಈ ಹುಡುಗಿ ನಮ್ಮ ಮನಿಯಾಕಿ, ನನ್ನ ಬಿಡ್ರಿ" ಎಂದು ರೆಫರಿಗೆ ಮೊದಲೇ ಹೇಳಿದೆ. ಬರಬೇಕಾದ ಇನ್ನೊಬ್ಬ ಅಂಪೈರು ಬಂದಿರಲಿಲ್ಲ. ಎರಡೂ ಶಾಲೆಯವರು ಒಪ್ಪಿದರು, ನಿಂತೆ. ಕೊನೆಯ ಪಾಳಿಯ ಕೊನೆಯ ನಿಮಿಷ. ನಮ್ಮ ಹುಡುಗಿಯ ತಂಡ ಒಂದು ಅಂಕ ಹಿಂದಿತ್ತು. ಅವಳೇ ಬೆನ್ನಟ್ಟಿ ಬಂದು, ಹಾರಿ, ನನ್ನ ಅರ್ಧದಲ್ಲಿ ಓಡುವವಳನ್ನು ಮುಟ್ಟಿದಳು. ಸೀಟಿ ಊದಿಬಿಟ್ಟೆ. ಅವರ ಕಡೆಯವರೆಲ್ಲ ಕುಣಿದಾಡಿದರು.

ಊದಿದ ಮರುಕ್ಷಣ ಎದೆ ಧಸಕ್ಕೆಂದಿತು. ಕಾಲು? ಕೂತವಳೊಬ್ಬಳು ಅಡ್ಡ ಬಂದಿದ್ದಳು. ಅವಳು ನೆಲಕ್ಕೆ ಬಿದ್ದಾಗ ಕಾಲು ಎಲ್ಲಿತ್ತು ಎಂಬುದನ್ನು ನಾನು ನೋಡಿರಲಿಲ್ಲ.

ಆಟ ನಿಲ್ಲಿಸಿ ಆ ಕಡೆಯ ಅಂಪೈರಿನ ಹತ್ತಿರ ನಡೆದುಹೋದೆ. ಹತ್ತು ಹೆಜ್ಜೆ ಅಷ್ಟೇ, ಆದರೆ ಹತ್ತು ಮೈಲಿ ನಡೆದ ಹಾಗಾಯಿತು. "ಕಾಲು ನಾ ನೋಡಿಲ್ರೀ. ನಿಮಗ ಕಂಡೈತೇನು?" ಎಂದೆ. ಅವರು, "ಕಂಡೈತ್ರಿ. ದಾಟಿತ್ತು. ನೀವು ಕೇಳದಿದ್ರೂ ಹೇಳಾಕ ಬರಾಕತ್ತಿದ್ದೆ" ಎಂದರು. ರೆಫರಿಯನ್ನು ಕರೆದು ಇಬ್ಬರೂ ಹೇಳಿದೆವು. ಔಟಲ್ಲ ಎಂದು ತೀರ್ಪಾಯಿತು. ಉಳಿದ ಹೊತ್ತಿನಲ್ಲಿ ಯಾರೂ ಔಟಾಗಲಿಲ್ಲ. ನಮ್ಮ ಹುಡುಗಿಯ ತಂಡ ಒಂದೇ ಅಂಕದಿಂದ ಸೋತಿತು.

ಗದ್ದಲವೋ ಗದ್ದಲ. "ಮನಿಗೆ ಹೋಗಿ ರೊಟ್ಟಿ ಬಡೀರಿ!" ಎಂದು ಯಾರೋ ಕೂಗಿದರು. ಹೌದು, ಮನೆಗೆ ಹೋಗಿ ಬಡಿಯುವುದು ರೊಟ್ಟಿಯೇ. ಆ ಮಾತು ನನಗೆ ತಾಗಲಿಲ್ಲ. ತಾಗಿದ್ದು ಬೇರೆ. ನಾದಿನಿ ಗುಂಪಿನಲ್ಲಿ ನಿಂತಿದ್ದಳು. ನನ್ನ ಹತ್ತಿರ ಬಂದು, "ವೈನಿ, ಸ್ವಂತ ಮನಿ ಕೂಸಿಗೆ ಹಿಂಗ ಮಾಡಿದ್ರಲ್ಲ" ಎಂದವಳು ಮಗಳ ಕೈ ಹಿಡಿದು ಹೊರಟೇಹೋದಳು.

ಆ ದೀಪಾವಳಿಗೆ ಅವಳು ತವರಿಗೆ ಬರಲಿಲ್ಲ. ಮದುವೆಯಾದಾಗಿನಿಂದ ತಪ್ಪಿಸಿದವಳಲ್ಲ. ಅತ್ತೆಯವರು ಆರತಿ ತಟ್ಟೆ ತೊಳೆಯುತ್ತ, "ನಿನ್ನ ಸೀಟಿ ನನ್ನ ಮಗಳಿಗೆ ತವರಮನಿ ಬಿಡಿಸ್ತು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅತ್ತರು. ನನ್ನ ಕೈಕಾಲೇ ಆಡಲಿಲ್ಲ. ಆ ರಾತ್ರಿ ನಮ್ಮವರ ಮುಂದೆ, "ಇದನ್ನ ಬಿಟ್ಟಬಿಡ್ತೀನ್ರಿ" ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಬಿಡೂದಿದ್ರ ಬ್ಯಾಸರಾಗೇದ ಅಂತ ಬಿಡು. ಖರೇ ಹೇಳಿದೆ ಅಂತ ಬಿಡಬ್ಯಾಡ" ಎಂದರು. ಸೀಟಿ ಎರಡು ತಿಂಗಳು ಗೂಟದಲ್ಲೇ ಇತ್ತು. ದೂಳು ಕೂತಿತು.

2025ರ ಜನವರಿ ಬಂತು. ದಿಲ್ಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್. ಸಂಕ್ರಾಂತಿ ಮುಗಿದ ಆ ರವಿವಾರ, 19ನೇ ತಾರೀಖು, ಫೈನಲ್. ಸಂಜೆ ಬಾಗಿಲು ಬಡಿದ ಸದ್ದು. ನೋಡಿದರೆ ನಾದಿನಿಯ ಮಗಳು, ಕೈಯಲ್ಲಿ ಕುಸುರೆಳ್ಳಿನ ಡಬ್ಬಿ! ಅಜ್ಜಿಯ ಕಾಲಿಗೆ ಬಿದ್ದು, ನನ್ನ ಕೈಗೆ ಕುಸುರೆಳ್ಳು ಕೊಟ್ಟು, "ಎಳ್ಳು-ಬೆಲ್ಲ ತಗೊಂಡು ಎಳ್ಳು-ಬೆಲ್ಲದ್ಹಂಗ ಇರೋಣ್ರಿ ಅತ್ತಿ. ಮ್ಯಾಚ್ ನೋಡಾಕ ಬಂದೀನಿ" ಎಂದಳು.

ಎಲ್ಲರೂ ಟೀವಿ ಮುಂದೆ ಕೂತೆವು. ನಮ್ಮ ಹೆಣ್ಣುಮಕ್ಕಳು ನೇಪಾಳದವರನ್ನು 78-40ರಿಂದ ಸೋಲಿಸಿದರು. ತಂಡದಲ್ಲಿ ನಮ್ಮ ಕರ್ನಾಟಕದ ಬಿ. ಚೈತ್ರಾ ಇದ್ದಳು, ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಹುಡುಗಿ. ಅದೂ ಹಳ್ಳಿಯೇ ನೋಡಿ. ಅಂದೇ ಗಂಡುಮಕ್ಕಳೂ 54-36ರಿಂದ ಗೆದ್ದರು. ಯಾವ ಆಟವೆಂದು ತಿಳಿಯದಿದ್ದರೂ ಅತ್ತೆಯವರು ಚಪ್ಪಾಳೆ ತಟ್ಟಿದರು.

ಅಡಿಗೆಮನೆಯಲ್ಲಿ ನಾನು ಚಹಾ ಸೋಸುವಾಗ ಹುಡುಗಿ ಹಿಂದೆ ಬಂದು ನಿಂತಳು. "ಅತ್ತಿ, ಅವತ್ತ ನನ್ನ ಕಾಲು ದಾಟಿದ್ದು ನನಗ ಗೊತ್ತಿತ್ತು. ಬೀಳೂ ಮುಂದ ಗೆರಿ ಕಂಡಿತ್ತು. ಅವ್ವಗ ಹೇಳಿರಲಿಲ್ಲ" ಎಂದಳು. ನನಗೆ ತಮ್ಮ ಹೇಳಿದ ಗಾಲ್ಫಿನ ಮಾತು ನೆನಪಾಯಿತು. ಹೆಚ್ಚು ಏನೂ ಹೇಳಲಿಲ್ಲ, ಅವಳ ತಲೆ ಸವರಿದೆ. ಬಾಗಿಲಲ್ಲಿ ಅತ್ತೆಯವರು ನಿಂತಿದ್ದರು. ಎಲ್ಲಾ ಕೇಳಿಸಿಕೊಂಡಿರಬೇಕು. "ಹಂಗಾರ ಫೋನ್ ಹಚ್ಚು ನಿಮ್ಮವ್ವಗ. ಈಗ ಹೇಳು" ಎಂದರು ಮೊಮ್ಮಗಳಿಗೆ.

ನಾದಿನಿ ಯುಗಾದಿಗೆ ಬಂದಳು. ಮೊದಲಿನ ಹಾಗೆ ಪೂರ್ತಿ ಸರಿಹೋಗಿದೆ ಎಂದು ಹೇಳಲಾರೆ. ಈಗಲೂ ನಡುನಡುವೆ, "ನಮ್ಮ ವೈನಿ ಮುಂದ ಹುಷಾರಿರಬೇಕಪಾ, ಗೆರಿ ನೋಡ್ತಾರ" ಎಂದು ಚುಚ್ಚುತ್ತಾಳೆ. ಚುಚ್ಚಲಿ. ಬರುತ್ತಾಳಲ್ಲ, ಅದು ಸಾಕು. ಬೇವು-ಬೆಲ್ಲ ಹಂಚಿದ ಮೇಲೆ ಅತ್ತೆಯವರು ಗೂಟದ ಮೇಲಿನ ಸೀಟಿಯನ್ನು ತಾವೇ ತೆಗೆದು, ಸೆರಗಿನಿಂದ ಒರೆಸಿ ಮತ್ತೆ ತೂಗುಹಾಕಿದ್ದನ್ನು ನಾನು ನೋಡಿದೆ. ನೋಡಿಯೂ ನೋಡದ ಹಾಗೆ ಇದ್ದೆ. ಅದೊಂದು ಸಲ ಹಾಗೆ ಮಾಡಬಹುದಲ್ಲವೇ?

ಓದುವ ಸೋದರಿಯರೇ, ನಿಮ್ಮಲ್ಲಿ ಯಾರಿಗಾದರೂ ಆಸೆ ಹುಟ್ಟಿದ್ದರೆ ನಾಲ್ಕು ಮಾತು ಹೇಳುತ್ತೇನೆ. ನಿಮ್ಮ ಮಕ್ಕಳ ಶಾಲೆಯ ಪಿ.ಟಿ. ಮಾಸ್ತರನ್ನೋ ಟೀಚರನ್ನೋ ಕೇಳಿ, "ಗಡಿಯಾರ ಹಿಡಿಯಲು ಬರಲೇ?" ಎಂದು. ಬೇಡ ಎನ್ನುವವರು ಕಡಿಮೆ, ಜನ ಅವರಿಗೆ ಯಾವಾಗಲೂ ಸಾಲುವುದಿಲ್ಲ. ಆಮೇಲೆ ಅಂಕ ಬರೆಯಿರಿ. ಅದರ ಮೇಲೆ ನಿಯಮ ಓದಿ, ಅರ್ಥವಾಗದ್ದನ್ನು ಮಕ್ಕಳಿಂದಲೇ ಕೇಳಿ. ಅವರಿಗೂ ಅವ್ವಗೆ ಕಲಿಸುವ ಖುಷಿ ಸಿಗಲಿ. ಪಂದ್ಯದ ದಿನ ಕಾಲಿಗೆ ಬೂಟು, ತಲೆಗೆ ಟೊಪ್ಪಿಗೆ, ಚೀಲದಲ್ಲಿ ಮಜ್ಜಿಗೆಯ ಬಾಟ್ಲಿ ಇರಲಿ. ಸೀರೆಯಾದರೆ ನೆರಿಗೆ ಎತ್ತಿ ಪಿನ್ ಹಾಕಿಕೊಳ್ಳಿ, ಓಡಬೇಕಾಗುತ್ತದೆ. ನಿಮ್ಮ ಮನೆಯ ಮಕ್ಕಳ ಪಂದ್ಯವಾದರೆ ಮೊದಲೇ ಹೇಳಿ ದೂರ ಇರಿ, ನಾನು ಅನುಭವದಿಂದ ಹೇಳುತ್ತಿದ್ದೇನೆ. ಖೋ-ಖೋ ಬೇಡವೆಂದರೆ ಕಬಡ್ಡಿ ಇದೆ, ಓಟ ಇದೆ, ಉದ್ದಜಿಗಿತದ ಅಳತೆ ಹಿಡಿಯುವವರೂ ಬೇಕು.

ಆ ಕಲಘಟಗಿ ಕಡೆಯ ಹುಡುಗಿಯನ್ನು ಆಮೇಲೆ ನಾನು ನೋಡಿಲ್ಲ. ಈಗ ಕಾಲೇಜಿನ ವಯಸ್ಸಿಗೆ ಬಂದಿರಬೇಕು. ಎಲ್ಲಿಯಾದರೂ ಆಡುತ್ತಿದ್ದರೆ ಚೆನ್ನಾಗಿತ್ತು. ಪ್ರತಿ ಪಂದ್ಯಕ್ಕೆ ಮೊದಲು ನಾನು ಅಂಗಳದ ನಡುಪಟ್ಟಿಯನ್ನು ಒಂದು ಕಂಬದಿಂದ ಇನ್ನೊಂದು ಕಂಬದತನಕ ನಡೆದು ನೋಡುತ್ತೇನೆ. ಸುಣ್ಣ ಎಲ್ಲಿ ತೆಳುವಾಗಿದೆಯೋ ಅಲ್ಲಿ ಮತ್ತೆ ಹಾಕಿಸುತ್ತೇನೆ.

ಅಗೋ, ಕುಕ್ಕರಿನ ಮೂರನೇ ಸೀಟಿ ಆಯಿತು! ಬೇಳೆ ಇಳಿಸಬೇಕು. ನಾಳೆ ಬೆಳಗಿನ ಬಸ್ಸಿಗೆ ನವಲಗುಂದಕ್ಕೆ ಹೊರಡಬೇಕು, ಹುಡುಗಿಯರ ಪಂದ್ಯವಿದೆ. ರೊಟ್ಟಿ ಇವತ್ತೇ ಬಡಿದಿಟ್ಟಿದ್ದೇನೆ. ಬರಲೇ?